ಹನೇಹಳ್ಳಿಯಿಂದ ಮುಂಬಯಿಗೆ: ಯಶವಂತ ಚಿತ್ತಾಲರು

ಹುಟ್ಟಿದ ಊರನ್ನು ಬಿಟ್ಟು ಬಂದವರು ಆ ಊರಿನ ನುಡಿಯನ್ನೂ ಬಿಡಬೇಕೆ? ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲಸಿರುವ ಕನ್ನಡಿಗರ ಮನೆಗಳಲ್ಲಿ, ಮಗುವನ್ನು ಶಾಲೆಗೆ ಸೇರಿಸುವ ಹೊತ್ತಿಗೆ, ಈ ಪ್ರಶ್ನೆ ಏಳದೆ ಇರದು. ಇದಕ್ಕೆ ತಮ್ಮ ಬರವಣಿಗೆಯಿಂದಲೇ ಉತ್ತರವಿತ್ತ ಮಹನೀಯರಲ್ಲಿ ಯಶವಂತ ಚಿತ್ತಾಲರು ಒಬ್ಬರು.

ಚಿತ್ತಾಲರು 1928ರ ಆಗಸ್ಟ್ 3ರಂದು ಉತ್ತರ ಕನ್ನಡ ಜಿಲ್ಲೆಯ ಹನೇಹಳ್ಳಿಯಲ್ಲಿ ಜನಿಸಿದರು. ಕವಿ ಗಂಗಾಧರ ಚಿತ್ತಾಲರು ಇವರ ಅಣ್ಣಂದಿರು. ಮುಂಬಯಿಯಲ್ಲಿಯೂ ಅಮೇರಿಕೆಯಲ್ಲಿಯೂ ರಸಾಯನ ತಂತ್ರವಿದ್ಯೆಯನ್ನು ವ್ಯಾಸಂಗ ಮಾಡಿ, ಬೇಕಲೈಟ್ ಹೈಲಂ ಎಂಬ ಉದ್ಯಮದಲ್ಲಿ ಉನ್ನತ ಹುದ್ದೆಗೇರಿದರು. ಜೀವನೋಪಾಯಕ್ಕೆ ಪ್ಲಾಸ್ಟಿಕ್ ವಿಜ್ಞಾನವಾದರೆ ಕಥೆಗೆ ಕನ್ನಡ. ಮೊದಲ ಕಥಾಸಂಕಲನ ‘ಸಂದರ್ಶನ’ 1957ರಲ್ಲಿ ಪ್ರಕಟವಾಯಿತು. ಮುಂಬಯಿಯಲ್ಲಿದ್ದುಕೊಂಡೇ ಅವರು ಹನೇಹಳ್ಳಿಯ ಜನರನ್ನೂ ಅವರ ಭಯ, ವಾತ್ಸಲ್ಯಗಳನ್ನೂ ಮತ್ತೆ ಮತ್ತೆ ಕಥೆಗಳಲ್ಲಿ ಕಂಡರಿಸಿದರು.

ಪಾಶ್ಚಾತ್ಯ ಸಾಹಿತ್ಯದಲ್ಲಿಯೂ ಇಂತಹ ನಿದರ್ಶನವುಂಟು. ಐರ್ಲೆಂಡಿನ ಜೇಮ್ಸ್ ಜಾಯ್ಸ್ (1882–1941) ತನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಡಬ್ಲಿನ್ ನಗರವನ್ನು ತೊರೆದನು. ಟ್ರಿಯೆಸ್ಟ್, ಜ್ಯೂರಿಕ್, ಪ್ಯಾರಿಸ್‌ಗಳಲ್ಲಿ ಬಾಳಿದರೂ ಅವನ ಕಥೆ ಕಾದಂಬರಿಗಳ ನೆಲೆ ಡಬ್ಲಿನ್ನೇ. 1922ರಲ್ಲಿ ಹೊರಬಂದ ‘ಯೂಲಿಸಿಸ್’ ಎಂಬ ಬೃಹತ್ ಕಾದಂಬರಿ ಆ ನಗರದ ಒಂದೇ ದಿನದ, ಎಂದರೆ 1904ರ ಜೂನ್ 16ರ, ಕಥೆ. ಹೊರಗೆ ನಡೆಯುವ ಘಟನೆಗಳಿಗಿಂತ ಒಳಗೆ ಹರಿಯುವ ಆಲೋಚನೆಗಳಿಗೆ ಅಲ್ಲಿ ಪ್ರಾಧಾನ್ಯ. ವಿಮರ್ಶಕರು ಇದನ್ನು ‘ಪ್ರಜ್ಞಾಪ್ರವಾಹ’ವೆಂದು ಕರೆದರು.

ಚಿತ್ತಾಲರಾದರೋ ಬಿಟ್ಟುಬಂದ ಊರಿನೊಡನೆ ಬಂದು ಸೇರಿದ ನಗರವನ್ನೂ ಕನ್ನಡಕ್ಕೆ ತಂದರು. 1979ರ ‘ಶಿಕಾರಿ’ಯ ನಾಯಕ ನಾಗಪ್ಪ ಮುಂಬಯಿಯ ಕಂಪನಿಯೊಂದರ ಅಧಿಕಾರಿ. ಹಠಾತ್ತಾಗಿ ಅವನನ್ನು ಕೆಲಸದಿಂದ ದೂರವಿಡುತ್ತಾರೆ. ತನ್ನ ಮೇಲಿನ ಆರೋಪವೇನೆಂಬುದೇ ಅವನಿಗೆ ತಿಳಿಯದು. ಬೇಟೆಗೆ ಸಿಕ್ಕ ಪ್ರಾಣಿಯಂತೆ ತಳಮಳಿಸುವ ಆ ಮನಸ್ಸಿನೊಳಗೆ ಬಾಲ್ಯದ ನೆನಪುಗಳೂ ನುಗ್ಗುತ್ತವೆ. ಮಹಾನಗರದ ಕಚೇರಿಯ ಕುಟಿಲ ವ್ಯವಹಾರವನ್ನು, ಒಂಟಿತನವನ್ನು ಹೇಳಲು ಕನ್ನಡಕ್ಕೆ ಶಕ್ತಿಯುಂಟೆಂಬುದು ಇಲ್ಲಿ ಸಿದ್ಧವಾಯಿತು. ‘ಕಥೆಯಾದಳು ಹುಡುಗಿ’ ಸಂಕಲನಕ್ಕೆ 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. 2014ರ ಮಾರ್ಚ್ 22ರಂದು ಚಿತ್ತಾಲರು ಮುಂಬಯಿಯಲ್ಲಿ ಕೀರ್ತಿಶೇಷರಾದರು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರಿಗೆ ಹಿರಿಯರ ಊರು ಅಜ್ಜಿಯ ಮಾತಿನಲ್ಲಷ್ಟೇ ಉಂಟು. ಆದುದರಿಂದ ಕನ್ನಡದಲ್ಲಿ ಹೇಳಲು ನಮ್ಮ ಬಳಿ ಏನಿದೆಯೆಂದು ಕುಗ್ಗಬೇಡಿರಿ. ನೀವು ಆಡುವ ಚಾಳಿನ ಅಂಗಳವೂ ತಂದೆಯವರು ನಿತ್ಯ ಹತ್ತುವ ಲೋಕಲ್ ಗಾಡಿಯೂ ಕನ್ನಡದ ಕಥೆಗೆ ಯೋಗ್ಯವಾದ ವಸ್ತುಗಳೇ. ಮೊದಲು ಚಿತ್ತಾಲರ ಸಣ್ಣ ಕಥೆಗಳನ್ನು ಓದಿರಿ. ‘ಶಿಕಾರಿ’ ತುಸು ದೊಡ್ಡವರಾದ ಮೇಲಾಗಲಿ. ಓದಿದ ಬಳಿಕ ನೀವು ಕಂಡುದನ್ನು ನಿಮ್ಮ ಕನ್ನಡದಲ್ಲಿಯೇ ಒಂದು ಪುಟ ಬರೆಯಿರಿ.