ಬೆಟ್ಟದ ವಿದ್ಯುತ್ ಬೈಸಿಕಲ್ಲಿಗೆ ಕಾರ್ಬನ್ ಚೌಕಟ್ಟು

ಬೈಸಿಕಲ್ಲನ್ನು ಅಂಗಡಿಯಿಂದ ಸಿದ್ಧವಾಗಿ ಕೊಂಡು ತರುವುದೇ ವಾಡಿಕೆ. ಆದರೆ ಬಿಡಿಭಾಗಗಳನ್ನು ಒಂದೊಂದಾಗಿ ತರಿಸಿ, ತಮ್ಮ ಕೈಯಿಂದಲೇ ಜೋಡಿಸಿಕೊಳ್ಳಬೇಕೆಂಬ ಹವ್ಯಾಸವುಳ್ಳ ತರುಣರೂ ಉಂಟು. ಅದರಲ್ಲಿಯೂ ‘ಎಂಡ್ಯೂರೋ’ ಎಂಬ ಬೆಟ್ಟದ ಬೈಸಿಕಲ್ಲನ್ನು ವಿದ್ಯುತ್ ಮೋಟಾರಿನೊಡನೆ ಕಾರ್ಬನ್ ಚೌಕಟ್ಟಿನಲ್ಲಿ ಕಟ್ಟುವುದು ಹಣಕ್ಕೂ ಪ್ರಾಣಕ್ಕೂ ಸಂಬಂಧಪಟ್ಟ ಕೆಲಸ. ಆದಕಾರಣ ಚೌಕಟ್ಟನ್ನು ಆರಿಸುವ ಬಗೆಯನ್ನು ಸವಾರನೂ ಹಣ ಕೊಡುವ ಹಿರಿಯರೂ ತಿಳಿದಿರುವುದು ಒಳ್ಳೆಯದು.

ಎಂಡ್ಯೂರೋ ಪಂದ್ಯದಲ್ಲಿ ಬೆಟ್ಟ ಹತ್ತಿದ ಹೊತ್ತು ಸಾಮಾನ್ಯವಾಗಿ ಗೆಲವು ಸೋಲುಗಳ ಲೆಕ್ಕಕ್ಕೆ ಸೇರದು. ಕಲ್ಲು ಬೇರುಗಳ ನಡುವೆ ಇಳಿದ ಹೊತ್ತೇ ಲೆಕ್ಕ. ಇದರ ಜಾಗತಿಕ ಪಂದ್ಯಮಾಲೆಯು 2013ರಲ್ಲಿ ಇಟಲಿಯ ಪುಂಟ ಆಲ ಎಂಬಲ್ಲಿ ಮೊದಲಾಯಿತು. ಇಂತಹ ಇಳಿಜಾರಿನ ಪೆಟ್ಟನ್ನು ತಾಳುವುದಕ್ಕಾಗಿ ಈ ಬೈಸಿಕಲ್ಲಿನ ಮುಂದಿನ ಹಿಂದಿನ ಗಾಲಿಗಳು ಸುಮಾರು 150ರಿಂದ 180 ಮಿಲಿಮೀಟರಿನವರೆಗೆ ಮೇಲಕ್ಕೂ ಕೆಳಕ್ಕೂ ಆಡುವಂತೆ ಏರ್ಪಾಡಿರುವುದು.

ಕೂದಲೆಳೆಯ ಹತ್ತರಲ್ಲೊಂದು ಪಾಲಿನಷ್ಟು ತೆಳುವಾದ ಕಾರ್ಬನ್ ಎಳೆಗಳನ್ನು ಅಂಟುರಾಳದಲ್ಲಿ ನೆನೆಸಿ ಹಾಳೆಗಳನ್ನಾಗಿ ಮಾಡಿ, ಅವನ್ನು ಪದರ ಪದರವಾಗಿ ಅಚ್ಚಿನಲ್ಲಿಟ್ಟು ಕಾಯಿಸಿದರೆ ಕಾರ್ಬನ್ ಚೌಕಟ್ಟು ಸಿದ್ಧವಾಗುವುದು. ಎಳೆಯ ಉದ್ದಕ್ಕೆ ಬಲ ಬಹಳ, ಅಡ್ಡಕ್ಕೆ ಸ್ವಲ್ಪ. ಆದುದರಿಂದ ಯಾವ ಪದರವನ್ನು ಯಾವ ದಿಕ್ಕಿಗೆ ಇಟ್ಟರೆಂಬುದರ ಮೇಲೆಯೇ ಎಲ್ಲವೂ ನಿಂತಿದೆ. ನೋಟಕ್ಕೆ ಒಂದೇ ಆಗಿರುವ ಎರಡು ಚೌಕಟ್ಟುಗಳಲ್ಲಿ ಒಂದು ಗಟ್ಟಿಯೂ ಮತ್ತೊಂದು ಟೊಳ್ಳೂ ಆಗಿರಬಹುದು.

ಕಾರ್ಬನ್ನಿನ ಮೇಲಣ ಮೋಹಕ್ಕೆ ಅದರ ಹಗುರತನವೇ ಮುಖ್ಯ ಕಾರಣ. ಆದರೆ ಇಂತಹ ವಿದ್ಯುತ್ ಬೈಸಿಕಲ್ಲು ಸಾಮಾನ್ಯವಾಗಿ 20ರಿಂದ 25 ಕಿಲೋಗ್ರಾಂ ತೂಗುವುದು. ಮೋಟಾರು ಬ್ಯಾಟರಿಗಳೇ ಆರೇಳು ಕಿಲೋ ಆಗುವುವು. ಅಲ್ಯೂಮಿನಿಯಮ್ಮಿಗೆ ಬದಲು ಕಾರ್ಬನ್ನನ್ನು ಆರಿಸಿದ್ದರಿಂದ ಉಳಿಯುವುದು ಒಂದು ಕಿಲೋ ಆಚೀಚೆ ಮಾತ್ರ. ಹತ್ತುವಾಗ ಆ ಭಾರವನ್ನು ಮೋಟಾರು ಹೊರುವುದು. ಇಳಿಯುವಾಗ ಸವಾರನನ್ನು ಕಾಯಬೇಕಾದುದು ಚೌಕಟ್ಟು. ಆದಕಾರಣ ತೂಕವನ್ನು ಕೊನೆಗೆ ವಿಚಾರಿಸಿದರೆ ಸಾಕು.

ಮೊದಲು ವಿಚಾರಿಸತಕ್ಕದ್ದು ಮೋಟಾರನ್ನು. ಒಂದು ಕಂಪನಿಯ ಮೋಟಾರಿಗೆಂದು ಮಾಡಿದ ಚೌಕಟ್ಟಿನಲ್ಲಿ ಇನ್ನೊಂದರದು ಕೂಡದು. ಬೋಲ್ಟಿನ ತೂತುಗಳೇ ಬೇರೆ. 2020ರಲ್ಲಿ ಬಂದ ಷಿಮಾನೋ ಇಪಿ8 ಮೋಟಾರು 2.6 ಕಿಲೋ ತೂಗಿ, 85 ನ್ಯೂಟನ್ ಮೀಟರಿನ ತಿರುಗುಬಲವನ್ನು ಕೊಡುವುದು. ಅದು ಅದೇ ಕಂಪನಿಯ ಹಿಂದಿನ ಇ8000 ಮೋಟಾರಿನ ತೂತುಗಳಿಗೇ ಹೊಂದುವುದು, ಬಾಷ್ ಚೌಕಟ್ಟಿಗೆ ಹೊಂದದು. ಚೀನದ ಬಾಫಾಂಗ್ ಎಂ600 ಮೋಟಾರಿನ ತಿರುಗುಬಲ 120 ನ್ಯೂಟನ್ ಮೀಟರು. ಆದರೆ ಅದು 500 ವಾಟಿನದು. ಯೂರೋಪಿನ ಕಾನೂನಾದರೋ 250 ವಾಟಿಗೆ ಮೀರದ, ಗಂಟೆಗೆ 25 ಕಿಲೋಮೀಟರಿನಲ್ಲಿ ನೆರವು ನಿಲ್ಲಿಸುವ ಯಂತ್ರವನ್ನು ಮಾತ್ರ ಬೈಸಿಕಲ್ಲೆಂದು ಎಣಿಸುವುದು. ಬ್ಯಾಟರಿಯೂ ಚೌಕಟ್ಟಿನ ಕೆಳಗೊಳವೆಯ ಪೊಳ್ಳಿಗೆ ಸರಿಯಾಗಿ ಕೂಡಬೇಕು. ಮುಂದೆ ಈ ಎರಡರಲ್ಲಿ ಒಂದು ಸಿಕ್ಕದೆ ಹೋದರೆ, ಎಷ್ಟೇ ಬೆಲೆಯ ಚೌಕಟ್ಟಾದರೂ ಗೋಡೆಗೆ ತೂಗುಹಾಕುವ ವಸ್ತುವಾಗುವುದು.

ಎರಡನೆಯದು ಪರೀಕ್ಷೆಯ ಪತ್ರ. ವಿದ್ಯುತ್ ನೆರವಿನ ಬೆಟ್ಟದ ಬೈಸಿಕಲ್ಲುಗಳಿಗೆಂದೇ ಯೂರೋಪಿನಲ್ಲಿ 2022ರಲ್ಲಿ ಇಎನ್ 17404 ಎಂಬ ಮಾನದಂಡವು ಹೊರಟಿದೆ. ಈ ಚೌಕಟ್ಟು ಯಾವ ಪರೀಕ್ಷೆಗಳಲ್ಲಿ ತೇರ್ಗಡೆಯಾಯಿತು, ಎಷ್ಟು ತೂಕದ ಸವಾರನನ್ನು ತಾಳುವುದು, ಮುಂದಿನ ಫೋರ್ಕು ಎಷ್ಟು ಉದ್ದದವರೆಗೆ ಇರಬಹುದು ಎಂಬುದನ್ನು ಮಾರುವವರಿಂದ ಬರವಣಿಗೆಯಲ್ಲಿ ಪಡೆಯತಕ್ಕದ್ದು. ಹೇಳಿದ್ದಕ್ಕಿಂತ ಉದ್ದದ ಫೋರ್ಕು ಚೌಕಟ್ಟಿನ ಕುತ್ತಿಗೆಯನ್ನು ಸನ್ನೆಗೋಲಿನಂತೆ ಮೀಟುವುದು. ಬೇರಿಂಗು, ಕೀಲು ಮೊದಲಾದವು ಬಿಡಿಯಾಗಿ ದೊರೆಯುವುವೆ ಎಂಬುದನ್ನೂ ಕೇಳಿಕೊಳ್ಳಬೇಕು.

ಮೂರನೆಯದು ಪೆಟ್ಟಿನ ವಿಚಾರ. ಲೋಹಕ್ಕೆ ಬಲವಾದ ಪೆಟ್ಟು ಬಿದ್ದರೆ ತಗ್ಗು ಬಿದ್ದು ಸಾಮಾನ್ಯವಾಗಿ ಕಣ್ಣಿಗೆ ಕಾಣುವುದು. ಕಾರ್ಬನ್ನಿನಲ್ಲಾದರೋ ಹೊರಗೆ ಬಣ್ಣ ಮಾತ್ರ ಗೀರಿದಂತಿದ್ದು, ಒಳಗೆ ಪದರಗಳು ಬಿಟ್ಟುಕೊಂಡಿರಬಹುದು. ನಾಣ್ಯದಿಂದ ಮೆಲ್ಲನೆ ತಟ್ಟಿದಾಗ ಒಂದೆಡೆ ದನಿ ಮಂಕಾದರೆ ಅದು ಸಂಶಯಕ್ಕೆ ಕಾರಣ. ಆದರೆ ಇಂಪಾದ ದನಿಯೊಂದನ್ನೇ ನಂಬಲಾಗದು. ಶ್ರವಣಾತೀತ ಧ್ವನಿಯಿಂದ ಪರೀಕ್ಷಿಸುವ ತಜ್ಞರಿಗೆ ತೋರಿಸುವುದೇ ಕ್ಷೇಮ. ಆದಕಾರಣ ಪೂರ್ವವೃತ್ತಾಂತ ತಿಳಿಯದ ಹಳೆಯ ಕಾರ್ಬನ್ ಚೌಕಟ್ಟನ್ನು ಅಗ್ಗವೆಂದು ಕೊಳ್ಳಲಾಗದು. ಜೋಡಿಸುವಾಗಲೂ ಬೋಲ್ಟುಗಳನ್ನು ಕೈಯಂದಾಜಿನಿಂದ ಬಿಗಿಯದೆ, ಅಳತೆ ತೋರಿಸುವ ಟಾರ್ಕ್ ಸ್ಪ್ಯಾನರಿನಿಂದ ತಯಾರಕರು ಹೇಳಿದಷ್ಟೇ ಬಿಗಿಯಬೇಕು.

ಮೋಟಾರು, ಪತ್ರ, ಬಿಡಿಭಾಗ ಇವು ಮೂರೂ ಸರಿಯಾಗಿದ್ದು, ಅಳತೆ ಸವಾರನ ಮೈಗೆ ಒಪ್ಪಿದರೆ ಕಾರ್ಬನ್ ಚೌಕಟ್ಟನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ಮಾರುವವರು ಪರೀಕ್ಷೆಯ ಪತ್ರವನ್ನು ಕೊಡಲು ಹಿಂದೆಗೆದರೆ, ಪತ್ರವುಳ್ಳ ಅಲ್ಯೂಮಿನಿಯಂ ಚೌಕಟ್ಟನ್ನು ತರುವುದೇ ಲೇಸು. ಒಂದು ಕಿಲೋ ಹೆಚ್ಚಾದುದರಿಂದ ಬೆಟ್ಟವೇನೂ ದೂರವಾಗದು. ಮಗನು ಸಂಜೆಗೆ ಸುಖವಾಗಿ ಮನೆಗೆ ಬರುವನು.