ಅಟ್ಟಕ್ಕೇರಿಸಿದ ಕೆಲಸ ಕೊಬ್ಬರಿಯಾಗದು



ನಮ್ಮ ಅರಳಗುಪ್ಪೆ ಕಡೆ ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿದರೆ 8ರಿಂದ 12 ತಿಂಗಳಲ್ಲಿ ಉಂಡೆ ಕೊಬ್ಬರಿಯಾಗುತ್ತದೆ. ತಿಪಟೂರು ಮಾರುಕಟ್ಟೆಯಲ್ಲಿ ಬೆಲೆಯೂ ಸಿಗುತ್ತದೆ. ಇದನ್ನು ನೋಡಿಯೋ ಏನೋ, ಕೆಲವರು ಕೆಲಸಗಳನ್ನೂ ಅಟ್ಟಕ್ಕೇರಿಸುತ್ತಾರೆ. ಕೆಲಸ ಅಲ್ಲಿ ಕೊಳೆಯುತ್ತದೆ ಅಷ್ಟೇ.

“ಸಾಲದ ಲೆಕ್ಕ ಬರೆದಿಟ್ಟಿರಾ?” ಎಂದು ಕೇಳಿ ನೋಡಿ. “ನಾಳೆ ಇನ್‌ಶಾ ಅಲ್ಲಾಹ್, ಹಜ್ರತ್!” ನಾಳೆ ಮಾಡುವೆನೆನ್ನುವಾಗ ಅಲ್ಲಾಹನ ಇಚ್ಛೆಯನ್ನು ಸ್ಮರಿಸಬೇಕೆಂದು ಸೂರಃ ಅಲ್ ಕಹ್ಫ್ (18:23-24) ಕಲಿಸುತ್ತದೆ. ಮಾಡುವ ಮನಸ್ಸಿದ್ದವನ ಮಾತದು. ನಾವೋ ಅದನ್ನು ಸಾಲಗಾರನನ್ನು ಸಾಗಹಾಕಲು ಬಳಸುತ್ತೇವೆ!

ಸಾಲವನ್ನು ಬರೆದಿಡಿ ಎಂಬ ಆದೇಶ ಸೂರಃ ಅಲ್ ಬಕರದಲ್ಲಿದೆ (2:282). ವಸಿಯ್ಯತ್ ಮಾಡಬೇಕಾದದ್ದಿರುವವನು ಅದನ್ನು ಬರೆದಿಡದೆ ಎರಡು ರಾತ್ರಿ ಕಳೆಯಬಾರದೆಂಬ ಪ್ರವಾದಿವರ್ಯರ(ಸ) ಬೋಧನೆ ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಬರೆಯದೆ ಕಣ್ಣು ಮುಚ್ಚಿದರೆ? ಯಾರಿಗೆ ಎಷ್ಟು ಕೊಡಬೇಕೆಂದು ಹೆಂಡತಿ ಮಕ್ಕಳಿಗೆ ಗೊತ್ತಿರುವುದಿಲ್ಲ. ಜನಾಜಾ ಎದ್ದ ಮನೆಯಲ್ಲೇ ಜಗಳ ಏಳುತ್ತದೆ.

ಹಾಗಾದರೆ ಸೋಮಾರಿತನವನ್ನೇ ದುಡಿಸೋಣ. ದೊಡ್ಡ ಕೆಲಸದಿಂದ ತಪ್ಪಿಸಿಕೊಳ್ಳಲು ಮನಸ್ಸು ಯಾವಾಗಲೂ ಸಣ್ಣದೊಂದನ್ನು ಹುಡುಕುತ್ತದೆ. ಒರೆಸಿದ ಮೊಬೈಲನ್ನೇ ಮತ್ತೆ ಒರೆಸುತ್ತದೆ. ಆ ಸಣ್ಣ ಕೆಲಸವನ್ನು ನಾವೇ ಕೊಡೋಣ. ಮೊಬೈಲ್ ಪಕ್ಕದಲ್ಲೊಂದು ನೋಟ್‌ಬುಕ್ ಇಡಿ. ದಿನಾ ಅಸರ್ ನಮಾಜಿನ ನಂತರ ಒಂದೇ ಹೆಸರು, ಒಂದೇ ಮೊತ್ತ ಬರೆಯಿರಿ. ಹತ್ತು ಸಾಲವಿದ್ದರೆ ಹತ್ತು ದಿನಕ್ಕೆ ಲೆಕ್ಕ ಪೂರ್ತಿ. ಪುಸ್ತಕ ಎಲ್ಲಿದೆಯೆಂದು ಮನೆಯವರಿಗೂ ತಿಳಿಸಿ. ಕಿರಿದಾದರೂ ನಿರಂತರವಾಗಿ ಮಾಡುವ ಕರ್ಮ ಅಲ್ಲಾಹನಿಗೆ ಅತ್ಯಂತ ಪ್ರಿಯವೆಂದು ಹದೀಸ್ ತಿಳಿಸುತ್ತದೆ.

ಮೊದಲ ಹೆಸರನ್ನು ಇವತ್ತೇ ಬರೆಯಿರಿ. ಋಣಮುಕ್ತರಾಗಿ ತನ್ನ ಬಳಿಗೆ ಮರಳುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.