ಮೊದಲು ನಿಲ್ಲೋದು, ಆಮೇಲೆ ಓಡಿಸೋದು

ಇಲ್ಲಿ ಪುಣೆಯ ಒಂದು ಖಾಲಿ ಮೈದಾನದಲ್ಲಿ ಒಂಬತ್ತು ವರ್ಷದ ಮಗನನ್ನು ಮಕ್ಕಳ ಮಿನಿ ಬೈಕ್ ಮೇಲೆ ಕೂರಿಸಿದ್ದೆ. ಬೇಲಿ ಹತ್ತಿರ ಬಂತು, "ಬ್ರೇಕ್!" ಅಂತ ಕೂಗಿದೆ. ಬೈಕ್ ನಿಲ್ಲೋ ಬದಲು ಮುಂದಕ್ಕೆ ನುಗ್ತು. ಪುಣ್ಯಕ್ಕೆ ಏನೂ ಆಗ್ಲಿಲ್ಲ. ಆದ್ರೆ ತಪ್ಪು ಅವನದಲ್ಲ, ನನ್ನದು.

ಯಾಕೆ ಅಂದ್ರೆ, ಥ್ರಾಟಲ್ ಮತ್ತು ಮುಂದಿನ ಬ್ರೇಕ್ ಎರಡೂ ಬಲಗೈಯಲ್ಲೇ ಇವೆ. ಗಾಬರಿಯಾದ ಮಗು ಹ್ಯಾಂಡಲ್ ಬಿಗಿಯಾಗಿ ಹಿಡಿಯುತ್ತೆ. ಬೈಕ್ ನುಗ್ಗಿದಾಗ ಮೈ ಹಿಂದಕ್ಕೆ ವಾಲಿ, ಮಣಿಕಟ್ಟು ಕೆಳಗಿಳಿದು, ಥ್ರಾಟಲ್ ಇನ್ನಷ್ಟು ತಿರುಗುತ್ತೆ. ನಮ್ಮ ಭಾಷೇಲಿ ಹೇಳೋದಾದ್ರೆ ಪಾಸಿಟಿವ್ ಫೀಡ್‌ಬ್ಯಾಕ್ ಲೂಪ್!

ಹಾಗಾಗಿ ಕ್ರಮ ಬದಲಿಸಿದೆ. ಇಂಜಿನ್ ಆಫ್, ನಾನು ತಳ್ಳೋದು, ಅವನು ನಿಲ್ಲಿಸೋದು. ಮೊದಲು ಹಿಂದಿನ ಬ್ರೇಕ್, ಆಮೇಲೆ ಮುಂದಿನದು, ಎರಡೇ ಬೆರಳಲ್ಲಿ ಮೆಲ್ಲಗೆ. ಅದು ರೂಢಿಯಾದ ಮೇಲೆ ಇಂಜಿನ್ ಆನ್. ಥ್ರಾಟಲ್ ಮಿತಿಗೊಳಿಸೋ ಸ್ಕ್ರೂ ಇದ್ರೆ ಕನಿಷ್ಠಕ್ಕಿಡಿ. ಕೂಗೋ ಪದ "ಬ್ರೇಕ್" ಅಲ್ಲ, "ಗ್ಯಾಸ್ ಬಿಡು". ಬಿಟ್ರೆ ಸ್ಪ್ರಿಂಗ್ ತಾನೇ ಮುಚ್ಚುತ್ತೆ, ಆಮೇಲೆ ಬ್ರೇಕ್.

ರಸ್ತೆಗೆ ಮಾತ್ರ ಬೇಡ. ಗೇರ್ ಬೈಕ್ ಲೈಸೆನ್ಸ್‌ಗೆ 18 ತುಂಬಬೇಕು. 2019ರ ತಿದ್ದುಪಡಿ ಪ್ರಕಾರ ಪೋಷಕರಿಗೇ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು.

ಕಳೆದ ಭಾನುವಾರ ಅವನು ಬೇಲಿಗೆ ಹತ್ತಡಿ ಇರುವಾಗಲೇ ನಿಂತ. ನಾನು ಕೂಗಿರಲೇ ಇಲ್ಲ.